ಕಣ್ಣಿನ ತುರಿಕೆಯಲ್ಲಿ ಬ್ಯಾಕ್ಟೀರಿಯಾದ ಪಾಲೆಷ್ಟು?

ಪ್ರಶ್ನೆ: ಕಣ್ಣಿನ ಅಲರ್ಜಿಗೂ ಅಲ್ಲಿರುವ ಬ್ಯಾಕ್ಟೀರಿಯಾಗಳಿಗೂ ಸಂಬಂಧವಿದೆಯೇ?

ಉತ್ತರ: ಇದೆ. ಕಣ್ಣೀರಿನಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಲೈಸೋಜೈಮ್ ಇದ್ದರೂ ಕಣ್ಣಿನ ಮೇಲ್ಪದರದಲ್ಲಿ ಕೆಲವು ಸೂಕ್ಷ್ಮಜೀವಿಗಳು ನೆಲೆಸಿರುತ್ತವೆ. ಅವೆಲ್ಲ ಶತ್ರುಗಳಲ್ಲ. ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ ವಿಜ್ಞಾನಿಗಳು 2017ರಲ್ಲಿ ಇಲಿಗಳಲ್ಲಿ ಕಂಡುಕೊಂಡದ್ದು ಸೊಗಸಾದ ಸಂಗತಿ: ಕಣ್ಣಿನಲ್ಲೇ ವಾಸಿಸುವ ಕೊರಿನೆಬ್ಯಾಕ್ಟೀರಿಯಂ ರೋಗನಿರೋಧಕ ಕೋಶಗಳನ್ನು ಎಚ್ಚರವಾಗಿಟ್ಟು ಶಿಲೀಂಧ್ರದ ಸೋಂಕನ್ನು ತಡೆಯುತ್ತದೆ.

ತೊಂದರೆ ಕೊಡುವುದು ಸ್ಟ್ಯಾಫಿಲೊಕಾಕಸ್ ಆರಿಯಸ್. ಎಕ್ಸಿಮಾ ಇರುವವರಿಗೆ ಬರುವ ತೀವ್ರ ಕಣ್ಣಿನ ಅಲರ್ಜಿಯಲ್ಲಿ ಇದು ರೆಪ್ಪೆಯಂಚಿನಲ್ಲಿ ಹೆಚ್ಚಾಗಿ ಸಿಗುತ್ತದೆ. ಇದರ ವಿಷಗಳು ಉರಿಯೂತವನ್ನು ಕೆರಳಿಸಬಲ್ಲವು. ಆದರೂ ಸಾಮಾನ್ಯ ಅಲರ್ಜಿಯ ಮೂಲ ಪರಾಗ, ದೂಳಿನಂಥವೇ.

ಹಾಗಾಗಿ ಬರೀ ಆ್ಯಂಟಿಬಯಾಟಿಕ್ ಹನಿಯಿಂದ ಅಲರ್ಜಿ ಹೋಗದು. ಔಷಧಿ ಅಂಗಡಿಯಿಂದ ಸ್ಟೀರಾಯ್ಡ್ ಹನಿ ತಂದು ನೀವೇ ಹಾಕಿಕೊಳ್ಳಬೇಡಿ, ಗ್ಲುಕೋಮಾ ಬಂದೀತು. ಕಣ್ಣುಜ್ಜದೆ, ತಣ್ಣೀರಿನ ಬಟ್ಟೆ ಇಟ್ಟುಕೊಂಡು, ನೇತ್ರತಜ್ಞರಿಗೆ ತೋರಿಸಿ.