ದೊಡ್ಡ ಫ್ಲಾಟ್‌ಹೆಡ್ ಹೆಣ್ಣು, ಹುಟ್ಟಿನಿಂದಲೂ ಹೆಣ್ಣೇ

ಕುಮಟಾ ಕಡೆಯ ಓದುಗರೊಬ್ಬರು ಈಗ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿದ್ದಾರೆ. ಬಿಡುವಿದ್ದಾಗ ಲೇಕ್ ಮಕ್ವಾರಿಯನ್ನು ಸಮುದ್ರಕ್ಕೆ ಸೇರಿಸುವ ಸ್ವಾನ್ಸಿ ಕಾಲುವೆಯ ದಡದಲ್ಲಿ ಗಾಳ ಹಾಕುತ್ತಾರಂತೆ. ಅವರು ಎರಡು ಪ್ರಶ್ನೆ ಕಳಿಸಿದ್ದಾರೆ. ಡಸ್ಕಿ ಫ್ಲಾಟ್‌ಹೆಡ್ ಎಂಬ ಅಲ್ಲಿನ ಮೀನಿನ ಮರಿಗಳನ್ನಲ್ಲ, ದೊಡ್ಡ ‘ಅಜ್ಜಿ’ಗಳನ್ನೇ ದಡದಿಂದ ಹಿಡಿಯುವುದು ಹೇಗೆ? ಚಿಕ್ಕದಿದ್ದಾಗ ಗಂಡಾಗಿದ್ದ ಈ ಮೀನು ಬೆಳೆದ ಮೇಲೆ ಹೆಣ್ಣಾಗುತ್ತದೆ ಎಂದು ಪಕ್ಕದಲ್ಲಿ ನಿಂತವರೆಲ್ಲ ಹೇಳುತ್ತಾರೆ, ನಿಜವೇ?

ಎರಡನೆಯ ಪ್ರಶ್ನೆಗೆ ಉತ್ತರ ಒಂದೇ ಮಾತಿನದು: ಸುಳ್ಳು. ಆದರೆ ಈ ಸುಳ್ಳು ಎಲ್ಲಿಂದ ಬಂತು, ಅದರಿಂದ ಏನು ಹಾನಿ ಎಂಬುದನ್ನು ಹೇಳಲು ಸ್ವಲ್ಪ ಜಾಗ ಬೇಕು. ಮೊದಲು ಮೀನನ್ನು ನೋಡೋಣ.

ಹೆಸರಿಗೆ ತಕ್ಕಂತೆ ಚಪ್ಪಟೆ ತಲೆ, ಅಗಲ ಬಾಯಿ, ಬಾಲದ ಕಡೆಗೆ ಸಣ್ಣಗಾಗುತ್ತ ಹೋಗುವ ಮೈ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಅಳಿವೆಗಳಲ್ಲಿ ಇದರ ವಾಸ. ಅಲ್ಲಿನ ಫ್ಲಾಟ್‌ಹೆಡ್‌ಗಳಲ್ಲೆಲ್ಲ ಇದೇ ದೊಡ್ಡದು. ಒಂದು ಮೀಟರಿಗೂ ಮೀರಿ ಬೆಳೆಯಬಲ್ಲದು. ಇದರ ಹತ್ತಿರದ ನೆಂಟ, ಪಟ್ಟೆಬಾಲದ ಫ್ಲಾಟ್‌ಹೆಡ್, ನಮ್ಮ ಕಡಲಲ್ಲೂ ಇದೆ. ತದಡಿಯಲ್ಲಿ ಒಮ್ಮೆ ಮೀನು ಮಾರುವ ಹೆಂಗಸೊಬ್ಬರ ಬುಟ್ಟಿಯಲ್ಲಿ ಅದನ್ನು ಕಂಡು ಕೈ ಚಾಚಿದೆ. “ತಲೆ ಮುಟ್ಟೂಕೆ ಹೋಗ್ಬೇಡಿ, ಮುಳ್ಳದೆ” ಎಂದರು ಆಕೆ. ಕಿವಿರುಮುಚ್ಚಳದ ಅಂಚಿನಲ್ಲಿ ಹಿಂದಕ್ಕೆ ಚಾಚಿದ ಚೂಪು ಮುಳ್ಳುಗಳಿದ್ದವು. ಬಾಲವನ್ನು ಬಿಡಿಸಿ ತೋರಿಸಿದರು: ಅಡ್ಡಡ್ಡ ಕಪ್ಪು ಪಟ್ಟೆ, ನಡುವೆ ಅರಿಶಿನದಂಥ ಒಂದು ಮಚ್ಚೆ. ಡಸ್ಕಿಯ ಬಾಲದಲ್ಲಿ ಈ ಪಟ್ಟೆಗಳಿಲ್ಲ. ಮೇಲಿನ ಅರ್ಧದಲ್ಲಿ ಒಂದು ಕಪ್ಪು ಕಲೆಯಿದೆ, ಅಷ್ಟೆ. ಗುರುತಿಗೆ ಬಾಲ ನೋಡಿದರೆ ಸಾಕು. ಮುಳ್ಳಿನ ಎಚ್ಚರಿಕೆಯಂತೂ ಎರಡಕ್ಕೂ ಒಂದೇ.

ಇಂಥ ಮೀನು ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಮರಳಲ್ಲಿ ಮೈ ಹೂತುಕೊಂಡು ಕಾಯುತ್ತದೆ. ಬೇರೆ ಎಷ್ಟೋ ಮೀನುಗಳನ್ನು ತೇಲಿಸುವ ಗಾಳಿಚೀಲ ಇದಕ್ಕಿಲ್ಲ. ಆದ್ದರಿಂದ ತಳದಲ್ಲಿ ನಿಲ್ಲಲು ಯಾವ ಶ್ರಮವೂ ಬೇಡ. ಕಣ್ಣುಗಳು ನೆತ್ತಿಯ ಮೇಲೆ. ಕಣ್ಣಿನ ಕಪ್ಪು ಎದ್ದು ಕಂಡರೆ ಸಿಗಡಿ ಎಚ್ಚೆತ್ತುಕೊಳ್ಳುತ್ತದಲ್ಲ? ಅದಕ್ಕೂ ಉಪಾಯವಿದೆ: ಪಾಪೆಯ ಮೇಲೆ ಇಳಿಬಿದ್ದ ಒಂದು ಸಣ್ಣ ಪೊರೆ ಅದನ್ನು ಮರೆಮಾಡುತ್ತದೆ. ಬೇಟೆ ಬಾಯಿಯ ಮುಂದೆ ಬಂತೋ, ದೊಡ್ಡ ಬಾಯಿ ಫಕ್ಕನೆ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ.

ನನಗೆ ಈ ಮೀನಿನಲ್ಲಿ ಅತ್ಯಂತ ಸೊಗಸೆನಿಸುವುದು ಅದು ಬಿಟ್ಟುಹೋಗುವ ಅಚ್ಚು. ಭರತದ ವೇಳೆ ಮೊಣಕಾಲುದ್ದ ನೀರಿನ ಮರಳುದಿಬ್ಬಕ್ಕೆ ಬಂದು ಮಲಗುವ ಫ್ಲಾಟ್‌ಹೆಡ್, ಇಳಿತ ಶುರುವಾದಾಗ ಎದ್ದು ಆಳಕ್ಕೆ ಜಾರುತ್ತದೆ. ನೀರು ಪೂರ್ತಿ ಇಳಿದ ಮೇಲೆ ಅದೇ ದಿಬ್ಬದ ಮೇಲೆ ನಡೆದುಹೋದರೆ ಒದ್ದೆ ಮರಳಲ್ಲಿ ಮೀನಿನ ಆಕಾರವೇ ಇಳಿದಿರುತ್ತದೆ: ಮುಂದೆ ಮೂರು ಮೂಲೆಯ ತಲೆ, ಅದರ ಹಿಂದೆ ಎರಡೂ ಬದಿಗೆ ಈಜುರೆಕ್ಕೆ ಒತ್ತಿದ ಗುರುತು, ಹಿಂದಕ್ಕೆ ಕಿರಿದಾಗುವ ಮೈಯ ಗುಂಡಿ. ಅಂಚು ಚೂಪಾಗಿದ್ದರೆ ಅಚ್ಚು ಹೊಸದು, ಕರಗಿದ್ದರೆ ಹಳೆಯದು. ಅಚ್ಚಿನ ಉದ್ದದಿಂದ ಮೀನಿನ ಉದ್ದ ತಿಳಿಯುತ್ತದೆ. ತಲೆ ಯಾವ ಕಡೆಗಿದೆ ಎಂಬುದರಿಂದ ಮೀನು ಮಲಗಿದ್ದಾಗ ನೀರು ಯಾವ ಕಡೆಯಿಂದ ಬರುತ್ತಿತ್ತು ಎಂಬುದೂ ತಿಳಿಯುತ್ತದೆ, ಏಕೆಂದರೆ ಅದು ಸಾಮಾನ್ಯವಾಗಿ ಸೆಳೆತಕ್ಕೆ ಎದುರಾಗಿ ಮಲಗುತ್ತದೆ. ಒಂದೇ ಏಣಿನ ಬದಿಯಲ್ಲಿ ಐದಾರು ಅಚ್ಚು ಸಿಕ್ಕರೆ ಅದು ಊಟದ ಜಾಗ ಎಂದೇ ಅರ್ಥ. ಪ್ರಾಣಿಯೊಂದು ತಾನು ಎಲ್ಲಿ, ಎಷ್ಟು ಉದ್ದ, ಯಾವ ದಿಕ್ಕಿಗೆ ಮಲಗಿದ್ದೆ ಎಂದು ಇಷ್ಟು ನಿಚ್ಚಳವಾಗಿ ಬರೆದಿಟ್ಟು ಹೋಗುವುದು ಬಲು ಅಪರೂಪ. ಸಾವಿರಾರು ರೂಪಾಯಿಯ ಗಾಳದ ಕೋಲು ಕೊಳ್ಳುವ ಮೊದಲು ಒಂದು ಇಳಿತದಲ್ಲಿ ಬರಿಗೈಯಲ್ಲಿ ದಿಬ್ಬದ ಮೇಲೆ ನಡೆಯಿರಿ ಎಂದೇ ನನ್ನ ಸಲಹೆ.

ಹೊತ್ತು ಯಾವುದು? ಚಂದ್ರ ನೆತ್ತಿಯ ಮೇಲೆ ಬಂದಾಗ ಮೀನು ಕಚ್ಚುತ್ತದೆ ಎಂದು ಮುಹೂರ್ತ ಇಟ್ಟುಕೊಡುವ ‘ಸೊಲೂನಾರ್’ ಪಟ್ಟಿಗಳು ಅಮೆರಿಕದಿಂದ ಹೊರಟು ಈಗ ಎಲ್ಲರ ಮೊಬೈಲ್ ಸೇರಿವೆ. ರಾಹುಕಾಲ ನೋಡಿ ಬಲೆ ಬೀಸುವುದಕ್ಕೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಚಂದ್ರನಿಗೆ ಕೆಲಸವಿಲ್ಲವೆಂದಲ್ಲ, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೆಳೆತ ಜೋರು. ಆದರೆ ಮೀನಿಗೆ ಬೇಕಾದ್ದು ಹರಿಯುವ ನೀರು. ಇಳಿತದಲ್ಲಿ ದಿಬ್ಬಗಳ ಮೇಲಿನ ನೀರು ಕಾಲುವೆಗೆ ಇಳಿಯುವಾಗ ಸಿಗಡಿ, ಸಣ್ಣ ಮೀನು ಎಲ್ಲವೂ ಅದರೊಡನೆ ಇಳಿಯಲೇಬೇಕು. ಸಣ್ಣ ತೋಡುಗಳು ಕಾಲುವೆ ಸೇರುವ ಬಾಯಲ್ಲಿ, ಮರಳು ಆಳಕ್ಕೆ ಜಾರುವ ಅಂಚಿನಲ್ಲಿ ದೊಡ್ಡ ಮೀನು ಕಾಯುವುದು ಇದಕ್ಕೇ. ಇಳಿತದ ಕೊನೆಯ ಎರಡು ಗಂಟೆಯನ್ನು ಅಲ್ಲಿನವರು ಬಿಡದೆ ಬಳಸುತ್ತಾರೆ.

ಸ್ವಾನ್ಸಿಯಂಥ ಕಡೆ ಒಂದು ಮೋಸವಿದೆ. ಸರೋವರ ದೊಡ್ಡದು, ಅದರ ಬಾಯಿ ಕಿರಿದು. ದೊಡ್ಡ ಹಂಡೆಗೆ ಸಣ್ಣ ಕೊಳವೆಯಿಂದ ನೀರು ತುಂಬಿದಂತೆ. ಕಡಲಲ್ಲಿ ಭರತ ಮುಗಿದು ನೀರು ಇಳಿಯತೊಡಗಿದರೂ ಸರೋವರದ ಮಟ್ಟ ಇನ್ನೂ ಕೆಳಗೇ ಇರುತ್ತದೆ, ಹಾಗಾಗಿ ಕಾಲುವೆಯಲ್ಲಿ ನೀರು ಗಂಟೆಗಟ್ಟಲೆ ಒಳಕ್ಕೇ ಹರಿಯುತ್ತಿರುತ್ತದೆ. ಭರತ-ಇಳಿತದ ಪಟ್ಟಿ ಕಡಲತೀರದ ಲೆಕ್ಕ. ಅದನ್ನೇ ನಂಬಿ ಬಂದವರು ತಪ್ಪು ಹೊತ್ತಿಗೆ ನಿಂತು, ಮೀನಿಲ್ಲ ಎಂದು ಹಿಂದಿರುಗುತ್ತಾರೆ. ನೀರ ಮೇಲೆ ತೇಲುವ ಒಂದು ಎಲೆ ಯಾವ ಕಡೆ ಹೋಗುತ್ತಿದೆ ಎಂದು ನೋಡಿದರೆ ಸಂಶಯ ಮುಗಿಯಿತು.

ಉಳಿದದ್ದು ಸರಳ. ಸೀಸದ ತಲೆಯ ಕೊಕ್ಕೆಗೆ ರಬ್ಬರಿನ ಹುಸಿಮೀನು ಸಿಕ್ಕಿಸಿ, ಸೆಳೆತ ಬರುವ ಕಡೆಗೆ ಎಸೆದು, ತಳಕ್ಕೆ ಮುಟ್ಟಿಸಿ, ಕುಪ್ಪಳಿಸುತ್ತ ತನ್ನಿ. ಎತ್ತಿದ ಮೇಲೆ ಕೆಳಗೆ ಬೀಳುವಾಗಲೇ ಹೆಚ್ಚಾಗಿ ಏಟು ಬೀಳುತ್ತದೆ. ಮೀನಿನ ಹಲ್ಲು ಸಣ್ಣವು, ಆದರೆ ಅರದಂತೆ ದಾರ ತೇಯುತ್ತವೆ; ತುದಿದಾರ ಗಟ್ಟಿಯಿರಲಿ. ದಡಕ್ಕೆ ತರುವಾಗ ತಲೆಯನ್ನು ನೀರಿನಿಂದ ಮೇಲೆತ್ತಬೇಡಿ. ಎತ್ತಿದೊಡನೆ ಅದು ತಲೆ ಒದರುತ್ತದೆ, ದಾರ ಹರಿಯುತ್ತದೆ. ಹಿಂದೆ ಹಿಂದೆ ನಡೆಯುತ್ತ ತೆಳು ನೀರಿಗೆ ಜಾರಿಸಿಕೊಳ್ಳಿ.

ಈಗ ಗಂಡು-ಹೆಣ್ಣಿನ ಮಾತು. ಕೆಲವು ಮೀನುಗಳು ಲಿಂಗ ಬದಲಿಸುವುದು ನಿಜ. ಆಸ್ಟ್ರೇಲಿಯಾದವರ ಅಚ್ಚುಮೆಚ್ಚಿನ ಬಾರಾಮುಂಡಿ ಗಂಡಾಗಿ ಶುರುವಾಗಿ ಹೆಣ್ಣಾಗುತ್ತದೆ. ಫ್ಲಾಟ್‌ಹೆಡ್ ಕುಟುಂಬದಲ್ಲೇ ಹಾಗೆ ಮಾಡುವ ಕೆಲವು ಜಾತಿಗಳನ್ನು ಜಪಾನಿನ ವಿಜ್ಞಾನಿಗಳು ಗುರುತಿಸಿದ್ದಾರೆ. ಅದರ ಮೇಲೆ, ಮೊಟ್ಟೆಯಿಡುವ ಕಾಲದಲ್ಲಿ ಒಂದು ಭಾರಿ ಹೆಣ್ಣಿನ ಸುತ್ತ ಸಣ್ಣ ಸಣ್ಣ ಗಂಡುಗಳು ಕಂಡರೆ ಯಾರಿಗಾದರೂ ಹಾಗೇ ಅನ್ನಿಸೀತು. ಆದರೆ ನ್ಯೂ ಸೌತ್ ವೇಲ್ಸ್‌ನ ಸಂಶೋಧಕರು ಡಸ್ಕಿಗಳ ಹೊಟ್ಟೆ ಸೀಳಿ, ಕಿವಿಗಲ್ಲಿನ ಉಂಗುರ ಎಣಿಸಿ ವಯಸ್ಸು ಕಂಡುಹಿಡಿದಾಗ ಬೇರೆಯೇ ಚಿತ್ರ ಸಿಕ್ಕಿತು. ಚಿಕ್ಕ ಹೆಣ್ಣುಗಳೂ ಇವೆ, 11 ವರ್ಷ ಬದುಕಿಯೂ ಗಂಡಾಗಿಯೇ ಉಳಿದ ಗಂಡುಗಳೂ ಇವೆ. ಹೆಣ್ಣು 16 ವರ್ಷ ಬದುಕಿದ ದಾಖಲೆಯಿದೆ. ಹೆಣ್ಣು ಬೇಗ ಬೆಳೆಯುತ್ತದೆ, ಹೆಚ್ಚು ಕಾಲ ಬೆಳೆಯುತ್ತದೆ. ಗಂಡು 60 ಸೆಂ.ಮೀ. ದಾಟುವುದೇ ಅಪರೂಪ. ಗುಟ್ಟು ಇಷ್ಟೇ.

ಇದರಲ್ಲೇನು ಹಾನಿ ಎನ್ನಬೇಡಿ. ಲಿಂಗ ಬದಲಿಸುವ ಮೀನಾಗಿದ್ದರೆ ದೊಡ್ಡ ಹೆಣ್ಣನ್ನು ತೆಗೆದರೂ ಇನ್ನೊಂದು ಗಂಡು ಹೆಣ್ಣಾಗಿ ಜಾಗ ತುಂಬೀತು ಎಂದು ಸಮಾಧಾನ ಹೇಳಿಕೊಳ್ಳಬಹುದು. ಡಸ್ಕಿಯಲ್ಲಿ ಆ ಸಮಾಧಾನವಿಲ್ಲ. ಗಂಡು ಸುಮಾರು 32 ಸೆಂ.ಮೀ. ಆಗುವ ಹೊತ್ತಿಗೆ ಪ್ರಾಯಕ್ಕೆ ಬಂದರೆ, ಹೆಣ್ಣಿಗೆ ಸುಮಾರು 57 ಸೆಂ.ಮೀ. ಆಗಬೇಕು. ಅಷ್ಟು ಉದ್ದ ಬೆಳೆಯುವ ಮೊದಲೇ ಎಷ್ಟೋ ಹೆಣ್ಣುಗಳು ಗಾಳಕ್ಕೆ, ಬಲೆಗೆ ಸಿಕ್ಕಿಹೋಗಿರುತ್ತವೆ. ಉಳಿದು 80, 90 ಸೆಂ.ಮೀ. ಮುಟ್ಟಿದ ಹೆಣ್ಣು ಒಂದೊಂದು ಋತುವಿಗೂ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಅದರ ಜಾಗಕ್ಕೆ ಬರಬೇಕಾದ್ದು ಇನ್ನೊಂದು ಹೆಣ್ಣುಮರಿ, ಅದೂ ವರ್ಷಗಳ ನಂತರ.

ನ್ಯೂ ಸೌತ್ ವೇಲ್ಸ್ 2023ರ ಡಿಸೆಂಬರ್ 1ರಿಂದ ನಿಯಮ ಬಿಗಿಗೊಳಿಸಿದ್ದು ಒಳ್ಳೆಯದೇ ಆಯಿತು: 36ರಿಂದ 70 ಸೆಂ.ಮೀ. ಒಳಗಿನ ಡಸ್ಕಿಗಳನ್ನಷ್ಟೇ ಇಟ್ಟುಕೊಳ್ಳಬಹುದು, ಅದೂ ದಿನಕ್ಕೆ ಐದು. ಕ್ವೀನ್ಸ್‌ಲ್ಯಾಂಡಿನಲ್ಲಿ ಈ ಮಿತಿ 40ರಿಂದ 75. ಓದುಗರಿಗೆ ನನ್ನ ಮಾತು ಇಷ್ಟು: ಪರವಾನಗಿ ಮಾಡಿಸಿಕೊಳ್ಳಿ, ಅಳತೆಪಟ್ಟಿ ಜೊತೆಗಿರಲಿ. ದೊಡ್ಡದು ಬಂದರೆ ಕೈ ಒದ್ದೆ ಮಾಡಿಕೊಂಡು, ಹೊಟ್ಟೆಯಡಿ ಆಸರೆ ಕೊಟ್ಟು, ಒಂದು ಫೋಟೊ ತೆಗೆದು ಬಿಟ್ಟುಬಿಡಿ. ಕೊಕ್ಕೆ ನುಂಗಿದ್ದರೆ ಎಳೆಯಬೇಡಿ, ದಾರ ಕತ್ತರಿಸಿ ಬಿಡಿ. ಹುರಿಯುವುದಕ್ಕೆ 40 ಸೆಂ.ಮೀ. ಆಸುಪಾಸಿನದೇ ಬೇಕಾದಷ್ಟಾಯಿತು.