ಟಪಾಲಿನ ಗೇಟು ಬದಲಿಸುವಾಗ

ರಾಯಚೂರು ನಗರ, ದೇವದುರ್ಗ, ಮಾನ್ವಿಯ ವರ್ತಕರು ನಮ್ಮ ಸಂಘಕ್ಕೆ ಕಾಫಿ ಪುಡಿ, ಅಡಿಕೆಯ ಬೇಡಿಕೆ ಕಳಿಸುವುದು ಈಗ ಇ-ಮೇಲಿನಲ್ಲೇ. ಆ ಪತ್ರಗಳನ್ನು ಇಟ್ಟುಕೊಳ್ಳುವ ಹಳೆಯ ಸರ್ವರನ್ನು ಬದಲಿಸಬೇಕಾಗಿದೆ. ಒಂದು ಪತ್ರ ತಪ್ಪಿದರೂ ಯಾರೋ ಸದಸ್ಯರ ಹತ್ತು ಮೂಟೆ ಗೋದಾಮಿನಲ್ಲೇ ಉಳಿದೀತು. ಆದ್ದರಿಂದ ಬೆಳೆಗಾರ ಬಾಂಧವರಿಗೂ ಈ ಕೆಲಸದ ರೀತಿ ತಿಳಿದಿರಲಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಎಡದಂಡೆ ಕಾಲುವೆ ನಂಬಿದ ಮಾನ್ವಿ ರೈತರು ಕಂಗಾಲಾಗಿದ್ದರು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಬೇಕಾಯಿತು. ಇಲ್ಲಿಯೂ ಹರಿವು ನಿಲ್ಲುವುದಿಲ್ಲ. ಮೊದಲು ಹಳೆಯ ಪತ್ರಗಳನ್ನೆಲ್ಲ ಹೊಸ ಸರ್ವರಿಗೆ ನಕಲು ಮಾಡಿ, ನಂತರ ಪತ್ರ ಎಲ್ಲಿಗೆ ಬರಬೇಕೆಂದು ಹೇಳುವ ಎಂ.ಎಕ್ಸ್. ದಾಖಲೆಯನ್ನು ತಿರುಗಿಸಬೇಕು. ಆಮೇಲೂ ಕೆಲಕಾಲ ಪತ್ರಗಳು ಹಳೆಯದಕ್ಕೇ ಬರುತ್ತವೆ. ಅದನ್ನು ಕೂಡಲೇ ಮುಚ್ಚದೆ ಮತ್ತೊಮ್ಮೆ ನಕಲು ತೆಗೆಯಬೇಕು. ನಡುವೆ ಸರ್ವರ್ ಸಿಗದಿದ್ದರೆ ಕಳಿಸಿದವರ ಯಂತ್ರ ಸಾಮಾನ್ಯವಾಗಿ ನಾಲ್ಕೈದು ದಿನ ಮರಳಿ ಯತ್ನಿಸುತ್ತದೆ, ಇದೊಂದು ಸಮಾಧಾನ.

ಎರಡು ಸರ್ವರುಗಳು ತಾವಾಗಿಯೇ ಪರಸ್ಪರ ಪ್ರತಿ ಇಟ್ಟುಕೊಳ್ಳಲಿ ಎಂದು ಕೆಲವರ ಸಲಹೆ. ಹೆಚ್ಚು ಬಳಕೆಯ ಡವ್‌ಕಾಟ್ ತಂತ್ರಾಂಶದಿಂದ ಆ ಸೌಲಭ್ಯವನ್ನು 2025ರಲ್ಲಿ ಬಂದ 2.4 ಆವೃತ್ತಿಯಲ್ಲಿ ತೆಗೆದುಹಾಕಿದ್ದಾರೆ. ಇದ್ದರೂ ನಮಗೆ ಅಷ್ಟು ಧೈರ್ಯ ಸಾಲದು. ಗುಮಾಸ್ತರು ಕೈತಪ್ಪಿ ಅಳಿಸಿದ ಬೇಡಿಕೆ ಪತ್ರ ಎರಡನೆಯ ಕಡೆಯೂ ಅಳಿಸಿಹೋಗುತ್ತದಲ್ಲ! ದಿನವಹಿ ಬೇರೊಂದು ಡಿಸ್ಕಿಗೆ ಪ್ರತಿ ತೆಗೆದು, ಹಿಂದಿನ ದಿನಗಳ ಪ್ರತಿಗಳನ್ನೂ ಉಳಿಸಿ, ಬೇರೆ ಕಟ್ಟಡದಲ್ಲಿ ಇಡಲು ನಿಶ್ಚಯಿಸಿದ್ದೇವೆ.

ಬದಲಾವಣೆ ಭಾನುವಾರ. ಸೋಮವಾರ ಸಂಜೆಯೊಳಗೆ ಉತ್ತರ ಬಾರದ ವರ್ತಕರು ದಯವಿಟ್ಟು ಕಚೇರಿಗೆ ಫೋನ್ ಮಾಡಲಿ.