ಕಡಲಿಗೆ ನುಸುಳುವ ಪರಕೀಯ ಜೀವಿಗಳು: ತಪ್ಪು ಕಲ್ಪನೆ ಮತ್ತು ವಾಸ್ತವ

ಹೊಲಕ್ಕೆ ಪಾರ್ಥೇನಿಯಂ, ಕಾಡಿಗೆ ಲಂಟಾನ ನುಗ್ಗಿದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಕಡಲೊಳಗೂ ಇಂಥದೇ ಆಕ್ರಮಣ ನಡೆಯುತ್ತಿದೆ. ನೀರಿನ ಮರೆಯಲ್ಲಿ ನಡೆಯುವುದರಿಂದ ಗೊತ್ತಾಗುವಷ್ಟರಲ್ಲಿ ಕೈ ಮೀರಿರುತ್ತದೆ. ತಪ್ಪು ತಿಳಿವಳಿಕೆಗಳು ಈ ವಿಳಂಬವನ್ನು ಇನ್ನಷ್ಟು ಬೆಳೆಸುತ್ತವೆ.

ತಪ್ಪು ಕಲ್ಪನೆ 1: ಕೆಲವು ಜೀವಿಗಳು ಹುಟ್ಟಾ ಉಪದ್ರವಕಾರಿಗಳು.
ವಾಸ್ತವ: ನಮ್ಮ ಕರಾವಳಿಯ ಬಂಡೆಗಳಲ್ಲಿ ಸಿಗುವ ಪಚ್ಚಿಲೆ ಎಂಬ ಹಸಿರು ಚಿಪ್ಪುಜೀವಿ ಇಲ್ಲಿನ ಸಹಜ ಜೀವಿ, ಜನರ ಆಹಾರ. ಅದೇ ಪಚ್ಚಿಲೆ 1999ರಲ್ಲಿ ಅಮೆರಿಕದ ಟ್ಯಾಂಪಾ ಕೊಲ್ಲಿಯಲ್ಲಿ ಕಾಣಿಸಿಕೊಂಡು, ವಿದ್ಯುತ್ ಸ್ಥಾವರಕ್ಕೆ ನೀರೆಳೆಯುವ ಕಾಲುವೆಗಳಲ್ಲಿ ತುಂಬಿಕೊಂಡಿತು. ಹೊಸ ನೆಲೆಗೆ ಬಂದ ಜೀವಿಗಳಲ್ಲಿ ಬಹುಪಾಲು ಬದುಕುಳಿಯುವುದೇ ಇಲ್ಲ. ಉಳಿದು, ಹರಡಿ, ಸ್ಥಳೀಯ ಜೀವಿಗಳ ಜಾಗ ಮತ್ತು ಆಹಾರ ಕಸಿಯುವ ಕೆಲವಷ್ಟೇ ಆಕ್ರಮಣಕಾರಿ ಎನಿಸಿಕೊಳ್ಳುತ್ತವೆ.

ತಪ್ಪು ಕಲ್ಪನೆ 2: ಸಮುದ್ರಕ್ಕೆ ಬೇಲಿಯಿಲ್ಲ, ಬರುವುದನ್ನು ತಡೆಯಲಾಗದು.
ವಾಸ್ತವ: ಪರಕೀಯ ಜೀವಿಗಳಲ್ಲಿ ಹೆಚ್ಚಿನವು ಬರುವುದು ಹಡಗಿನಲ್ಲಿ. ಸರಕಿಲ್ಲದ ಹಡಗು ಸಮತೋಲನಕ್ಕಾಗಿ ಒಂದು ಬಂದರಿನಲ್ಲಿ ನೀರು ತುಂಬಿಕೊಂಡು, ಸರಕು ಹೇರುವ ಬಂದರಿನಲ್ಲಿ ಹೊರಚೆಲ್ಲುತ್ತದೆ. ಈ ಬ್ಯಾಲಸ್ಟ್ ನೀರಿನಲ್ಲಿ ಮೊಟ್ಟೆ, ಮರಿ, ಪಾಚಿಗಳು ಪಯಣಿಸುತ್ತವೆ. ಹಡಗಿನ ತಳಕ್ಕೆ ಅಂಟಿಕೊಂಡು ಬರುವವು ಬೇರೆ. 2004ರಲ್ಲಿ ರೂಪುಗೊಂಡ ಬ್ಯಾಲಸ್ಟ್ ನೀರಿನ ಅಂತರರಾಷ್ಟ್ರೀಯ ಒಪ್ಪಂದ 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂತು. ಅದರ ಮಾನದಂಡದಂತೆ, ಸಂಸ್ಕರಿಸಿ ಬಿಡುವ ಒಂದು ಘನ ಮೀಟರ್ ನೀರಿನಲ್ಲಿ 50 ಮೈಕ್ರೋಮೀಟರ್ ಅಥವಾ ಅದಕ್ಕಿಂತ ದೊಡ್ಡದಾದ, ಬದುಕಬಲ್ಲ ಜೀವಿಗಳು ಹತ್ತಕ್ಕಿಂತ ಕಡಿಮೆ ಇರಬೇಕು.

ತಪ್ಪು ಕಲ್ಪನೆ 3: ಪರಕೀಯ ಜೀವಿಯನ್ನು ನೋಡಿದ ಕೂಡಲೇ ಗುರುತಿಸಬಹುದು.
ವಾಸ್ತವ: ದಕ್ಷಿಣ ಅಮೆರಿಕ ಮೂಲದ ಚಾರು ಎಂಬ ಚಿಪ್ಪುಜೀವಿ ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ದಟ್ಟವಾಗಿ ಹಬ್ಬಿದೆ. ಅದರ ಬಣ್ಣ ಕಪ್ಪು, ಕಂದು, ಹಸಿರು ಹೀಗೆ ಬದಲಾಗುತ್ತದೆ. ಹಸಿರಿದ್ದರೆ ಪಚ್ಚಿಲೆಯೆಂದೇ ತೋರುತ್ತದೆ. ಇಂಥಲ್ಲಿ ಖಚಿತಪಡಿಸುವುದು ಡಿಎನ್‌ಎ ಪರೀಕ್ಷೆ. ಹೊಸದಾಗಿ ಬಂದವನ್ನು ಬೇಗ ಪತ್ತೆಹಚ್ಚಲು ಬಂದರುಗಳಲ್ಲಿ ಹಲಗೆಗಳನ್ನು ನೀರಿಗಿಳಿಸಿ, ಅವುಗಳ ಮೇಲೆ ಏನೇನು ಬೆಳೆಯುತ್ತದೆಂದು ಕಾಲಕಾಲಕ್ಕೆ ಪರೀಕ್ಷಿಸುವ ಪದ್ಧತಿಯಿದೆ.

ತಪ್ಪು ಕಲ್ಪನೆ 4: ಒಮ್ಮೆ ಬಂದರೆ ಮುಗಿಯಿತು, ಏನೂ ಮಾಡಲಾಗದು.
ವಾಸ್ತವ: 1999ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ದೋಣಿ ನಿಲ್ಲಿಸುವ ಕಟ್ಟೆಯೊಂದರಲ್ಲಿ ಕಪ್ಪುಪಟ್ಟೆಯ ಪರಕೀಯ ಚಿಪ್ಪುಜೀವಿ ದಟ್ಟವಾಗಿ ಬೆಳೆದದ್ದು ಪತ್ತೆಯಾಯಿತು. ಸರ್ಕಾರ ಕೂಡಲೇ, ನೀರು ತಡೆಯುವ ಬಾಗಿಲುಗಳಿದ್ದ ಮೂರು ದೋಣಿಕಟ್ಟೆಗಳನ್ನು ದಿಗ್ಬಂಧಿಸಿ, ಕ್ಲೋರಿನ್ ಮತ್ತು ಮೈಲುತುತ್ತ ಸುರಿದು, ಕೆಲವೇ ವಾರಗಳಲ್ಲಿ ಅದನ್ನು ಪೂರ್ತಿ ಅಳಿಸಿತು. ಆ ನೀರಿನ ಉಳಿದ ಜೀವಿಗಳೂ ಸತ್ತವು. ಅಷ್ಟು ಬೆಲೆ ತೆರಬೇಕಾಯಿತು. ಆದರೆ 1980ರ ದಶಕದ ಆರಂಭದಲ್ಲಿ ಕಪ್ಪು ಸಮುದ್ರಕ್ಕೆ ಬಂದ ಬಾಚಣಿಗೆ ಲೋಳೆಮೀನನ್ನು ತಡೆಯುವವರಿರಲಿಲ್ಲ. ದಶಕ ಮುಗಿಯುವಾಗ ಅದು ಮೀನಿನ ಮೊಟ್ಟೆ, ಮರಿ, ಆಹಾರಗಳನ್ನೆಲ್ಲ ಕಬಳಿಸುತ್ತಿತ್ತು. ಅತಿಯಾದ ಮೀನುಗಾರಿಕೆಯೂ ಸೇರಿ, ಅಲ್ಲಿನ ಆಂಚೊವಿ ಮೀನುಗಾರಿಕೆ ಕುಸಿದುಬಿತ್ತು.

ತಪ್ಪು ಕಲ್ಪನೆ 5: ಹಿಡಿದು ತಿಂದರೆ ಸಂತತಿ ಮುಗಿಯುತ್ತದೆ.
ವಾಸ್ತವ: ನಮ್ಮ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಕಡೆಯ ಸಿಂಹಮೀನು ಅಟ್ಲಾಂಟಿಕ್ ಮತ್ತು ಕೆರಿಬಿಯನ್‌ನಲ್ಲಿ ಹಾವಳಿಯೆಬ್ಬಿಸಿದೆ. ಅಲ್ಲಿ ಅದನ್ನು ಬೇಟೆಯಾಡುತ್ತಾರೆ, ತಿನ್ನುತ್ತಾರೆ. ಬೇಟೆ ನಡೆಯುವ ಹವಳದಿಬ್ಬಗಳಲ್ಲಿ ಅದರ ಸಂಖ್ಯೆ ತಗ್ಗುತ್ತದೆ, ನಿಜ. ಆದರೆ ಮುಳುಗುಗಾರರು ತಲುಪದ ಆಳದಲ್ಲಿ ಅದು ಸುರಕ್ಷಿತ.

ಬರದಂತೆ ತಡೆಯುವುದೇ ಅತ್ಯಂತ ಅಗ್ಗದ ಮದ್ದು. ಬಂದದ್ದನ್ನು ಬೇಗ ಗುರುತಿಸುವುದು ಎರಡನೆಯದು. ಇದರಲ್ಲಿ ಮೊದಲ ಕಣ್ಣು ಮೀನುಗಾರರದು. ದೋಣಿಯನ್ನು ದಡಕ್ಕೆಳೆದು ಅದರ ತಳವನ್ನು ಕೆರೆಯಿರಿ, ಕೆರೆದದ್ದನ್ನು ಮತ್ತೆ ನೀರಿಗೆ ಎಸೆಯಬೇಡಿ. ಅಕ್ವೇರಿಯಂ ಮೀನುಗಳನ್ನು ಹೊಳೆ, ಕಡಲಿಗೆ ಬಿಡಬೇಡಿ. ಬಲೆಗೋ ಬಂಡೆಗೋ ಹಿಂದೆಂದೂ ಕಾಣದ ಜೀವಿ ಅಂಟಿದ್ದರೆ ಫೋಟೊ ತೆಗೆದು, ಸ್ಥಳ ಮತ್ತು ದಿನಾಂಕದೊಂದಿಗೆ ಮೀನುಗಾರಿಕೆ ಇಲಾಖೆಗೋ ಮಂಗಳೂರಿನ ಮೀನುಗಾರಿಕಾ ಕಾಲೇಜಿಗೋ ಅಂದೇ ತಿಳಿಸಿ.